ಕುಳಿ ಮುಚ್ಚಿದ ಬಿಳಿ ಮಣ್ಣು

ಮೇಯ್‌ಶಾನ್ ಗುಡ್ಡದ ಕಲ್ಲುಗಣಿಯಲ್ಲಿ ಮದ್ದು ಸಿಡಿಯುವ ಹೊತ್ತಿಗೆ ಎಲ್ಲರೂ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಲೂ ಸಾಂಗ್‌ಮೇ ಒಬ್ಬಳು ಮಾತ್ರ ಮುಚ್ಚಿಕೊಳ್ಳುವಂತಿರಲಿಲ್ಲ. ಗಣಿಯವರು ಅವಳಿಗೆ ಕೂಲಿ ಕೊಡುತ್ತಿದ್ದುದೇ ಕಿವಿ ತೆರೆದು ಕೂರುವುದಕ್ಕೆ. ಬಂಡೆಗೆ ಹೊಡೆದ ಕುಳಿಗಳಲ್ಲಿ ಮದ್ದು ತುಂಬಿ, ಬಾಯಿಗೆ ಮಣ್ಣು ಗಿಡಿದು, ಬತ್ತಿಗಳಿಗೆ ಬೆಂಕಿ ಕೊಟ್ಟು ಗಂಡಸರು ಓಡಿಬಂದು ಕಲ್ಲಿನ ಮರೆಯಲ್ಲಿ ಕುಕ್ಕರಿಸುವಾಗ, ಎಷ್ಟು ಕುಳಿಯೋ ಅಷ್ಟು ಹರಳು ಇವಳ ಎಡಜೇಬಿನಲ್ಲಿರುತ್ತಿದ್ದವು. ಒಂದು ಸದ್ದಿಗೆ ಒಂದು ಹರಳು ಎಡಜೇಬಿನಿಂದ ಬಲಜೇಬಿಗೆ. ಎಡಜೇಬು ಬರಿದಾಯಿತೆಂದರೆ ಎದ್ದು ನಿಂತು "ಆಯ್ತೂ!" ಎಂದು ಒಂದು ಕೂಗು. ಆ ಕೂಗು ಬೀಳುವವರೆಗೆ ಎಂಥ ದೊಡ್ಡ ಮನುಷ್ಯನೂ ಆ ಬಂಡೆಗೋಡೆಯ ಹತ್ತಿರ ಸುಳಿಯುವಂತಿರಲಿಲ್ಲ.

ಹರಳು ಉಳಿಯಿತೋ, ಅಂದಿಗೆ ಗಣಿ ಮುಚ್ಚಿದ ಹಾಗೆ. ಸಿಡಿಯದೆ ಉಳಿದ ಮದ್ದು ಸತ್ತಿದೆಯೋ ಮಲಗಿದೆಯೋ ಹೇಳುವವರು ಯಾರು? ಬತ್ತಿ ಒಳಗೊಳಗೇ ಹೊಗೆಯಾಡುತ್ತ, ಜನ ಉಂಡು ಕೈ ತೊಳೆದ ಮೇಲೆ ಸಿಡಿದದ್ದೂ ಉಂಟು. ಹಾಗೆ ಹೋದವರ ಹೆಸರನ್ನು ಗಣಿಯಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ.

ಸಾಂಗ್‌ಮೇಗೆ ಈ ಕಿವಿ ಬಂದದ್ದು ರೇಷ್ಮೆಹುಳುಗಳಿಂದ. ಹುಡುಗಿಯಾಗಿದ್ದಾಗ ಅವಳಮ್ಮ ಅವಳನ್ನು ಹುಳುವಿನ ತಟ್ಟೆಗಳ ನಡುವೆಯೇ ಮಲಗಿಸುತ್ತಿದ್ದಳು. ಹುಳುಗಳು ಸೊಪ್ಪು ತಿನ್ನುವ ಸದ್ದು ಜಿನುಗು ಮಳೆಯ ಸದ್ದಿನಂತಿರುತ್ತದೆ. ಅದು ತೆಳ್ಳಗಾದರೆ ಸೊಪ್ಪು ಮುಗಿಯಿತೆಂದು ಅರ್ಥ. ನಿದ್ದೆಯಲ್ಲೇ ಅದನ್ನು ಗುರುತಿಸಿ ಎದ್ದು ಸೊಪ್ಪು ಹರಡುವ ಹುಡುಗಿ ಊರಿಗೆ ಅವಳೊಬ್ಬಳೇ. ಮುಂದೆ ಊರಿನ ಹೆಂಗಸರನ್ನೂ ಗಣಿಗೆ ಕರೆದ ಕಾಲದಲ್ಲಿ ಕಲ್ಲು ಹೊರಲು ಹೋದವಳು, ಹಳೆಯ ಎಣಿಸುವಾತ ಕಿವುಡಾದ ಮೇಲೆ ಅವನ ಜಾಗಕ್ಕೆ ಕೂತಳು. ಗಂಡ ಚ್ವಾನ್‌ಲಿನ್ ದೋಣಿಯಲ್ಲಿ ವೂಶಿಗೆ ಜಲ್ಲಿ ಸಾಗಿಸುವವನು. "ನಾನು ಗೊರಕೆ ಹೊಡೆದ್ರೂ ಎಣಿಸ್ತಾಳೆ, ಅದಕ್ಕೇ ನಾನು ದೋಣೀಲಿ ಮಲಗೋದು" ಎಂದು ಕಂಡವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ. ಹೆಂಡತಿಯ ಮೇಲೆ ಅವನಿಗಿದ್ದ ಜಂಬ ಅಷ್ಟಿಷ್ಟಲ್ಲ. ಅವಳಿಗೂ ತನ್ನ ಮೇಲೆ ಜಂಬ ಇತ್ತು, ಯಾಕೆ ಇಲ್ಲವೆನ್ನಬೇಕು? ಅವಳು ಎಣಿಸಲು ಕೂತಮೇಲೆ ಆ ಗೋಡೆಯ ಕೆಳಗೆ ಒಂದು ಜೀವವೂ ಹೋಗಿರಲಿಲ್ಲ.

ಆ ಗೋಡೆಯ ನಡುವೆ ಒಂದು ಬಿಳಿ ಗೆರೆ ಓಡಿತ್ತು. ಮೇಲೂ ಸುಣ್ಣಕಲ್ಲು, ಕೆಳಗೂ ಸುಣ್ಣಕಲ್ಲು, ನಡುವೆ ಅಂಗೈ ಅಗಲವೂ ಇಲ್ಲದ ಮೆತ್ತನೆ ಮಣ್ಣು, ಅದರ ಬೆನ್ನಿಗೊಂದು ಕಪ್ಪು ಪಟ್ಟಿ. ಗಣಿಯವರಿಗೆ ಅದು ದೇವರು ಕೊಟ್ಟ ಮಣ್ಣು. ಬಿಳಿ ಮಣ್ಣನ್ನು ನೀರು ಸೋಕಿಸಿ ಮಿದ್ದು ಕುಳಿಯ ಬಾಯಿಗೆ ಗಿಡಿದರೆ ಹಿಡಿದದ್ದು ಬಿಡುತ್ತಿರಲಿಲ್ಲ, ಮದ್ದಿನ ಬಲವೆಲ್ಲ ಬಂಡೆಗೇ ತಾಗುತ್ತಿತ್ತು. ಅಪ್ಪಂದಿರ ಕಾಲದಿಂದ ಕೆದಕಿ ಕೆದಕಿ ಅದನ್ನೇ ಬಳಸಿದ್ದರು.

ಆ ವರ್ಷ ಶರತ್ಕಾಲದಲ್ಲಿ ನಾನ್‌ಜಿಂಗ್‌ನಿಂದ ಶೂಲಾನ್ ಎಂಬ ಹುಡುಗಿ ಬಂದಳು. ಕಲ್ಲಿನ ವಿದ್ಯೆ ಓದುತ್ತಿದ್ದವಳು. ಸಾಂಗ್‌ಮೇಯ ಮನೆಯಲ್ಲೇ ಅವಳ ಬಿಡಾರ. ಸಣಕಲು ಮೈ, ದಪ್ಪ ಕನ್ನಡಕ, ಅನ್ನದ ಬಟ್ಟಲು ಕೈಯಲ್ಲಿದ್ದರೂ ಕಲ್ಲಿನದೇ ಮಾತು. ಮೊದಲ ದಿನವೇ ಗಂಡಸರು ಬಿಳಿ ಮಣ್ಣನ್ನು ಬುಟ್ಟಿಗೆ ತುಂಬುತ್ತಿದ್ದುದನ್ನು ಕಂಡು ಕಿರುಚಿಬಿಟ್ಟಳು.

"ಇದನ್ನ ಕಿತ್ತು ಕುಳಿಗೆ ತುರುಕ್ತೀರಾ? ಲೋಕದಲ್ಲಿ ಇಂಥ ಗೆರೆ ಚೆನ್ನಾಗಿ ಉಳಿದಿರೋದು ಎಲ್ಲೋ ಕೆಲವೇ ಕಡೆ ಕಣಣ್ಣ!"

ಮೇಸ್ತ್ರಿ ಗೆನ್‌ಫಾ ಬಿಡುಬೀಸಾಗಿ ನಕ್ಕ. "ಕೇಳಿದ್ರೇನ್ರೋ, ನಮ್ಮ ತೂತು ಮುಚ್ಚೋ ಮಣ್ಣು ನೋಡೋಕೆ ನಾನ್‌ಜಿಂಗ್‌ನಿಂದ ರೈಲು ಹತ್ತಿ ಬಂದವ್ಳೆ! ಅತ್ತಿಗೆ, ನಿಮ್ಮನೆ ಅತಿಥಿಗೆ ಒಂದು ಬುಟ್ಟಿ ಉಡುಗೊರೆ ಕೊಟ್ಟು ಕಳಿಸಿ."

ಸಾಂಗ್‌ಮೇಗೂ ನಗು ಬಂದಿತ್ತು. ಆದರೆ ಅಂದು ಸಂಜೆ ಶೂಲಾನ್ ಎರಡು ಕಲ್ಲಿನ ಚೂರುಗಳನ್ನು ಅವಳ ಅಂಗೈಯಲ್ಲಿಟ್ಟಳು. ಗೆರೆಯ ಕೆಳಗಿನ ಚೂರಿನಲ್ಲಿ ಕಣ್ಣಿಟ್ಟು ನೋಡಿದರೆ ಚಿಪ್ಪಿನ ಮೇಲೆ ಚಿಪ್ಪು, ಸುರುಳಿ, ಮುಳ್ಳು, ಜಾಗವೇ ಇಲ್ಲದಷ್ಟು. ಗೆರೆಯ ಮೇಲಿನ ಚೂರು ತೊಳೆದಿಟ್ಟ ಹಲಗೆಯಂತೆ ಬೋಳು.

"ಇದೆಲ್ಲ ಸಮುದ್ರ ಆಗಿತ್ತಕ್ಕ. ಇಲ್ಲೀವರೆಗೆ ಊರು ತುಂಬಾ ಜನ ಇದ್ದ ಹಾಗೆ. ಈ ಬಿಳಿ ಮಣ್ಣು ಬಿತ್ತು, ಅದರಾಚೆ ಹೆಚ್ಚುಕಡಿಮೆ ಯಾರೂ ಇಲ್ಲ."

"ಎಲ್ಲಾ ಒಟ್ಟಿಗೇ ಸತ್ತವಾ?"

"ಭೂಮಿಯ ಲೆಕ್ಕದಲ್ಲಿ ಒಟ್ಟಿಗೇ. ನೀರಲ್ಲೇ ಉಸಿರು ಕಟ್ಟಿ ಸತ್ತವು ಅಂತ ಕೆಲವರು ಅಂತಾರೆ. ಈ ಮಣ್ಣು ಬೆಂಕಿಬೆಟ್ಟದ ಬೂದಿ ಇರಬೇಕು ಅಂತ ನಮ್ಮ ಮೇಷ್ಟ್ರಿಗೆ ಅನುಮಾನ. ಅದನ್ನ ತೋರಿಸಬೇಕಾದ್ರೆ ಕೈ ಸೋಕದ ಮಣ್ಣು ಬೇಕು. ನೀವು ಕೆದಕಿದ್ರೆ ನಾನು ಏನನ್ನ ತೋರಿಸ್ಲಿ?"

ಹುಳುವಿನ ಮನೆಯಲ್ಲಿ ರೋಗ ಹೊಕ್ಕ ಒಂದು ವರ್ಷ ಸಾಂಗ್‌ಮೇಗೆ ನೆನಪಿತ್ತು. ಬೆಳಗಾಗುವಷ್ಟರಲ್ಲಿ ತಟ್ಟೆಗಳಲ್ಲಿ ಸದ್ದೇ ಇರಲಿಲ್ಲ. ಅವಳು ಬೋಳು ಚೂರನ್ನು ಬಹಳ ಹೊತ್ತು ಕೈಯಲ್ಲೇ ಇಟ್ಟುಕೊಂಡಿದ್ದಳು. ಮರುದಿನ ಗೆನ್‌ಫಾನಿಗೆ ಖಡಾಖಂಡಿತವಾಗಿ ಹೇಳಿದಳು: ಇನ್ನು ಗೆರೆ ಮುಟ್ಟುವಂತಿಲ್ಲ, ಗದ್ದೆಯ ಹಳದಿ ಮಣ್ಣು ತಂದುಕೊಳ್ಳಿ. ಗೆನ್‌ಫಾ ಗೊಣಗಿದ, ಆದರೆ ತಂದ. ಶೂಲಾನ್ ಆಗಿನಿಂದ ಸಾಂಗ್‌ಮೇಯನ್ನು ಅಕ್ಕ ಎಂದು ಕರೆಯುವಾಗ ಅದರಲ್ಲಿ ಬೇರೆಯದೇ ಸಲಿಗೆ ಇತ್ತು. ಸಾಂಗ್‌ಮೇ ಕೂಗು ಹಾಕಿದಳೆಂದರೆ ಕನ್ನಡಕ ಒರೆಸಿಕೊಳ್ಳುತ್ತ ಗೋಡೆಗೆ ಓಡುವವರಲ್ಲಿ ಅವಳೇ ಮೊದಲು. ಹೊಸದಾಗಿ ಬಿರಿದ ಕಲ್ಲಿನಲ್ಲಿ ಗೆರೆ ಹಸಿಯಾಗಿ, ಸ್ಪಷ್ಟವಾಗಿ ಕಾಣುತ್ತದಂತೆ.

ಊರಿನ ಹಿರಿಯ ಫೂಶೆಂಗ್ ಮಾವನ ಮನೆಯ ಮದುವೆ ಬಂದದ್ದು ಆಗಲೇ. ಅವನ ತಮ್ಮನ ಮಗನಿಗೆ ಕಾಲುವೆಯಾಚೆಯ ಹೆಣ್ಣು. ಗಣಿಯವರಿಗೆಲ್ಲ ಊಟಕ್ಕೆ ಕರೆ, ತಾಯ್ ಸರೋವರದ ಏಡಿ ಬರುತ್ತದೆಂದು ಸುದ್ದಿ. ಹಿಂದಿನ ದಿನ ಧೋ ಎಂದು ಮಳೆ ಹುಯ್ದು ಗದ್ದೆಯ ಹಳದಿ ಮಣ್ಣು ಗಂಜಿಯಂತಾಗಿತ್ತು. ಕುಳಿಗೆ ಇಟ್ಟರೆ ಜಾರಿ ಬೀಳುತ್ತಿತ್ತು. ಬೆಳಿಗ್ಗೆ ಸಾಂಗ್‌ಮೇ ಬಂದು ನೋಡಿದರೆ ಗೆನ್‌ಫಾನ ಬುಟ್ಟಿಯಲ್ಲಿ ಬಿಳಿ ಮಣ್ಣು.

"ಇವತ್ತೊಂದಿನ ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಅವಳು ನೋಡೋ ಜಾಗದಿಂದ ತಂದಿಲ್ಲ, ಆ ಕಡೆ ಮೂಲೆಯಿಂದ ತಂದಿದ್ದು. ಊಟದ ಹೊತ್ತಿಗೆ ಮುಗಿಸ್ಬೇಕಲ್ಲ."

ಸಾಂಗ್‌ಮೇ ಸುತ್ತ ಒಮ್ಮೆ ನೋಡಿದಳು. ಶೂಲಾನ್ ಇನ್ನೂ ಬಂದಿರಲಿಲ್ಲ. "ಹುಡುಗಿಗೆ ಗೊತ್ತಾಗಬಾರದು" ಎಂದು ಹೇಳಿ ಮುಖ ತಿರುಗಿಸಿಕೊಂಡಳು. ಸಣ್ಣ ಸುಳ್ಳು. ಯಾರ ಮನೆಯಲ್ಲಿ ಇಲ್ಲ?

ಬತ್ತಿಗಳಿಗೆ ಬೆಂಕಿ ಬಿತ್ತು. ಮೊದಲ ಸದ್ದಿಗೆ ಗುಡ್ಡ ನಡುಗಿತು. ಆಮೇಲೆ ಒಂದರ ಬೆನ್ನಿಗೊಂದು. ಹರಳುಗಳು ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಕಡೆಯ ಹರಳು ಉಳಿದಾಗ ಸದ್ದು ನಿಂತಿತು. ಗಂಡಸರು ಅವಳ ಮುಖವನ್ನೇ ನೋಡುತ್ತಿದ್ದರು. ಆಗ ಕೊನೆಯದು ಕೇಳಿಸಿತು. ಡಬ್ ಎಂದು, ಸ್ವಲ್ಪ ಹಗುರವಾಗಿ, ಗೋಡೆಗೆ ಬಡಿದು ಹಿಂದಕ್ಕೆ ಬಂದ ಹಾಗೆ.

ಅವಳ ಕೈ ಜೇಬಿನಲ್ಲೇ ನಿಂತಿತು. ಈ ಸದ್ದಿನ ಹಿಂದೆ ಕಲ್ಲು ಉರುಳಿದ ಸದ್ದು ಬರಲಿಲ್ಲವಲ್ಲ?

"ಏನತ್ತಿಗೆ, ಏಡಿ ಎಣಿಸ್ತಿದೀರಾ?" ಎಂದ ಗೆನ್‌ಫಾ. ಎಲ್ಲರೂ ಗೊಳ್ಳೆಂದರು. "ಮದ್ದು ಮಳೇಲಿ ತೇವ ಆಗಿತ್ತು, ಕೆಮ್ಮಿದೆ ಅಷ್ಟೆ."

ಇರಬಹುದು ಎಂದುಕೊಂಡಳು. ತೇವದ ಮದ್ದು ಹಾಗೆ ಕೆಮ್ಮುವುದು ಅವಳಿಗೂ ಗೊತ್ತಿತ್ತು. ಕೊನೆಯ ಹರಳು ಬಲಜೇಬಿಗೆ ಬಿತ್ತು. ಎದ್ದು ನಿಂತು ಕೂಗಿದಳು: "ಆಯ್ತೂ!"

ಕೂಗಿದ ಮೇಲೆ ಮೇಸ್ತ್ರಿ ಗೋಡೆಯವರೆಗೆ ಹೋಗಿ ಕುಳಿಗಳನ್ನು ನೋಡಿ ಬರಬೇಕೆಂಬುದು ಪದ್ಧತಿ. ಗೆನ್‌ಫಾ ದೂರದಿಂದಲೇ ಒಂದು ನೋಟ ಎಸೆದು ಬೆತ್ತದ ಟೋಪಿ ತೆಗೆದು ಕಂಕುಳಿಗಿಟ್ಟುಕೊಂಡ. ದೋಣಿಗೆ ಜಲ್ಲಿ ತುಂಬಬೇಕಿದ್ದ ಕ್ರಷರಿನವರು ಮಿಷನ್ ಶುರು ಮಾಡಿದರು. ಉಳಿದವರು ಇಳಿಜಾರಿನಲ್ಲಿ ಮದುವೆಮನೆಯ ಕಡೆ ಹೊರಟರು.

"ನೀನೂ ಬಾರೇ" ಎಂದಳು ಸಾಂಗ್‌ಮೇ, ಅಷ್ಟರಲ್ಲಿ ಬಂದಿದ್ದ ಶೂಲಾನ್‌ಗೆ.

"ನೀವು ನಡೀರಿ ಅಕ್ಕ. ಬಿಸಿಲು ಆ ಕಡೆ ತಿರುಗೋದರೊಳಗೆ ಹೊಸ ಮುಖ ಒಂದು ಸಲ ನೋಡಿ ಬರ್ತೀನಿ. ನನ್ನ ಪಾಲಿನ ಏಡಿ ಇಟ್ಟಿರಿ!" ಶೂಲಾನ್ ಬಿದಿರಿನ ಏಣಿಯನ್ನು ಹೆಗಲಿಗೇರಿಸಿಕೊಂಡು ಗೋಡೆಯ ಕಡೆ ನಡೆದಳು.

ಮದುವೆಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾಂಗ್‌ಮೇಯ ಕೈಗೆ ಯಾರೋ ಹುರಿದ ಅವರೆಕಾಳು ಹಾಕಿದ ಚಹಾದ ಬಟ್ಟಲು ಕೊಟ್ಟರು. ಅವಳು ಹೆಂಗಸರ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಹೆಣ್ಣಿನ ಕಡೆಯ ಚಿಕ್ಕಮ್ಮ ಒಬ್ಬಳು, ಮೂಗು ಮುರಿಯುತ್ತ ತನ್ನ ಜೊತೆಯವಳಿಗೆ ಹೇಳುತ್ತಿದ್ದಳು.

"ನಮ್ಮ ದೋಣಿ ಮೆಟ್ಟಿಲಿಗೆ ತಾಗ್ತಾ ಇದ್ದ ಹಾಗೆ ಹಚ್ಚಿದ್ರಲ್ಲ, ಆ ಮೊದಲನೇ ಗರ್ನಾಲು, ನೆಲದಲ್ಲಿ ಡಬ್ ಅಂತು, ಮೇಲೆ ಹೋಗಿ ಟುಸ್! ಜೋಡಿ ಸದ್ದು ಬರ್ಬೇಕಾದ ಕಡೆ ಒಂಟಿ ಸದ್ದು. ಯಾವ ಸೀಮೆ ಶಕುನ ಇದು? ಕೇಳಿದ್ರೆ ಜೋಡಿ ಸದ್ದೇ ಬಂತು ಅಂತಾರೆ."

ಬಟ್ಟಲು ಸಾಂಗ್‌ಮೇಯ ತುಟಿಯ ಹತ್ತಿರ ನಿಂತಿತು. ಡಬ್ ಎಂದು, ಒಂಟಿ ಸದ್ದು.

"ಯಾವಾಗ ಹಚ್ಚಿದ್ದು ಚಿಕ್ಕಮ್ಮ?"

"ನಿಮ್ಮ ಗುಡ್ಡದ ಸದ್ದು ಇನ್ನೇನು ಮುಗೀತು ಅನ್ನೋವಾಗ."

ಗಣಿಯಲ್ಲಿ ಮದ್ದು ಸಿಡಿಯುವ ಹೊತ್ತಿನಲ್ಲಿ ಊರಿನಲ್ಲಿ ಯಾರೂ ಪಟಾಕಿ ಹಚ್ಚಬಾರದು. ಹಳೆಯ ಕಟ್ಟು ಅದು, ಹೊಸವರ್ಷದ ದಿನವೂ ಮುರಿದದ್ದಿಲ್ಲ. ಸಾಂಗ್‌ಮೇ ಎದ್ದು ಬಾಗಿಲಲ್ಲಿ ಅತಿಥಿಗಳಿಗೆ ಕೈ ಮುಗಿಯುತ್ತಿದ್ದ ಫೂಶೆಂಗ್ ಮಾವನ ಎದುರು ನಿಂತಳು.

"ಮಾವ, ಹೆಣ್ಣಿನ ದೋಣಿ ಬಂದಾಗ ಗರ್ನಾಲು ಹಚ್ಚಿದ್ರಾ?"

ಮುದುಕನ ಕಿವಿ ಕೆಂಪಾಯಿತು. "ಯಾರಂದಿದ್ದು? ಸದ್ದು ಮುಗಿದು ಎಷ್ಟೋ ಹೊತ್ತಾದ ಮೇಲೇ ಹಚ್ಚಿದ್ದು. ಎಲ್ಲಾ ಜೋಡಿ ಸದ್ದೇ, ಒಂದೂ ತಪ್ಪಿಲ್ಲ. ಹೋಗಮ್ಮ, ಊಟಕ್ಕೆ ಕೂತ್ಕೋ."

"ಮೊದಲನೇದು ಟುಸ್ ಅಂತಂತೆ."

"ಮಂಗಳದ ಮನೇಲಿ ಎಂಥ ಮಾತಾಡ್ತೀಯ ನೀನು!" ಸುತ್ತಲಿನವರು ತಿರುಗಿ ನೋಡಿದರು. ಒಂಟಿ ಸದ್ದಿನಲ್ಲಿ ಮನೆ ತುಂಬಿದ ಸೊಸೆ ಒಂಟಿಯಾಗುತ್ತಾಳೆಂದು ನಾಳೆ ಊರೆಲ್ಲ ಆಡಿಕೊಳ್ಳುತ್ತದೆ. ಮುದುಕ ಪಾಪ, ಆ ಒಂದು ಟುಸ್ಸನ್ನು ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡು ಒದ್ದಾಡುತ್ತಿದ್ದ.

ಸಾಂಗ್‌ಮೇ ಅವನ ತೋಳು ಹಿಡಿದಳು. "ಮಾವ, ಆ ಗೋಡೆ ಕೆಳಗೆ ಒಂದು ಹುಡುಗಿ ನಿಂತಿದ್ದಾಳೆ. ನಾನು ಆಯ್ತು ಅಂದೆ ಅಂತ ನಿಂತಿದ್ದಾಳೆ. ನಿಮ್ಮ ಸದ್ದನ್ನ ನಾನು ಗುಡ್ಡದ ಸದ್ದು ಅಂತ ಎಣಿಸಿದೀನಾ? ಅಷ್ಟು ಹೇಳಿ."

ಫೂಶೆಂಗ್ ಒಳಗೆ ಕೂತಿದ್ದ ಕೆಂಪು ಉಡುಪಿನ ಹೊಸ ಹೆಣ್ಣನ್ನು ಒಮ್ಮೆ ನೋಡಿದ. ಆಮೇಲೆ ಕಣ್ಣು ಮುಚ್ಚಿ ತಲೆಯಾಡಿಸಿದ. "ಗಳಿಗೆ ಮೀರಿ ಹೋಗ್ತಿತ್ತು ಕಣಮ್ಮ. ದೋಣಿ ಬೇಗ ಬಂದ್ಬಿಡ್ತು. ನಿನ್ನ ಸದ್ದೆಲ್ಲ ಮುಗೀತು ಅಂದ್ಕೊಂಡು ಹಚ್ಚಿಬಿಟ್ಟೆ."

ಬಟ್ಟಲು ಎಲ್ಲಿ ಬಿತ್ತೋ ಅವಳಿಗೆ ತಿಳಿಯಲಿಲ್ಲ. "ಗೆನ್‌ಫಾ! ಕ್ರಷರ್ ನಿಲ್ಲಿಸೋ! ಒಂದು ಕುಳಿ ಸಿಡಿದಿಲ್ಲ!" ಎಂದು ಅರಚಿದವಳೇ ಓಡಿದಳು.

ಕಾಲುವೆಯ ಏರಿ, ಹಿಪ್ಪುನೇರಳೆ ತೋಟ, ಆಮೇಲೆ ಲಾರಿಯ ಚಕ್ರಗಳು ಅಗೆದ ಕೆಸರಿನ ದಾರಿ. ಒಂದು ಕಾಲಿನ ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಮೇಲಿನಿಂದ ಕ್ರಷರಿನ ಗರಗರ ಸದ್ದು ಇಳಿದುಬರುತ್ತಿತ್ತು. ಕಾಲುವೆಯಾಚೆಗೆ ಕೇಳುವ ಅವಳ ಕಂಠ ಆ ಸದ್ದಿನ ಮುಂದೆ ಯಾವ ಮೂಲೆಗೆ? ಆ ಮಿಷನ್ ಶುರುವಾದದ್ದೂ ಅವಳೇ ಆಯ್ತು ಎಂದದ್ದಕ್ಕೆ. ಓಡುತ್ತಲೇ 'ಕುಳಿಗೆ ಕಬ್ಬಿಣ ಹಾಕಬೇಡ, ತಾಯಿ, ಕಬ್ಬಿಣ ಹಾಕಬೇಡ' ಎಂದು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು.

ಗೋಡೆಯ ತಿರುವಿಗೆ ಬಂದಾಗ ಕಂಡಿತು. ಶೂಲಾನ್ ಏಣಿಯ ಮೇಲಿದ್ದಳು. ಇಷ್ಟಿಷ್ಟೇ ಮಣ್ಣನ್ನು ಎಡಗೈಯ ಪುಟ್ಟ ಸಂಚಿಗೆ ಸುರಿದುಕೊಳ್ಳುತ್ತ, ಬಲಗೈಯ ಚೂಪು ಸಲಾಕೆಯಿಂದ ಬಂಡೆಯೊಳಗೆ ಕೆದಕುತ್ತಿದ್ದಳು. ಬಿಳಿ ಗೆರೆಯಲ್ಲಿ ಅಲ್ಲ. ಗೆರೆಗಿಂತ ಒಂದು ಮೊಳ ಕೆಳಗೆ, ಗಟ್ಟಿ ಕಲ್ಲಿನಲ್ಲಿ, ಮುಷ್ಟಿ ಹಿಡಿಯುವಷ್ಟು ದುಂಡನೆಯ ಬಿಳಿ ಮಚ್ಚೆ. ಬತ್ತಿಯ ತುದಿ ಹೊರಗೆ ಕಾಣುತ್ತಿರಲಿಲ್ಲ. ಪಕ್ಕದ ಕುಳಿ ಸಿಡಿದಾಗ ಹಾರಿದ ಕಲ್ಲು ಅದನ್ನು ಬುಡದಲ್ಲೇ ಕತ್ತರಿಸಿಕೊಂಡು ಹೋಗಿತ್ತು.

ಸಾಂಗ್‌ಮೇ ಅರಚಲು ಬಾಯಿ ತೆರೆದಳು, ಮುಚ್ಚಿದಳು. ಹುಡುಗಿ ಬೆಚ್ಚಿ ಬಿದ್ದರೆ ಸಲಾಕೆ ಒಳಗೆ ನುಗ್ಗುತ್ತದೆ. ಏಣಿಯ ಬುಡಕ್ಕೆ ಹೋಗಿ ನಿಂತಳು. ಅಷ್ಟರಲ್ಲಿ ಕ್ರಷರ್ ನಿಂತಿತು. ಇದ್ದಕ್ಕಿದ್ದಂತೆ ಬಿದ್ದ ಆ ಮೌನಕ್ಕೇ ಶೂಲಾನ್ ತಿರುಗಿ ಕೆಳಗೆ ನೋಡಿದಳು.

"ಏಡಿ ಇಲ್ಲಿಗೇ ತಂದ್ರಾ ಅಕ್ಕ?"

"ಇಲ್ಲ. ನೀನೇ ಇಳಿದು ಬಾ. ಕೈಲಿರೋದನ್ನ ಹಾಗೇ ಬಿಟ್ಟು ಬಾ." ತನ್ನ ದನಿ ಇಷ್ಟು ಸಾವಧಾನವಾಗಿ ಹೇಗೆ ಬರುತ್ತಿದೆಯೆಂದು ಅವಳಿಗೇ ತಿಳಿಯಲಿಲ್ಲ.

"ಬಂದೆ, ಒಂದು ನಿಮಿಷ. ಅಕ್ಕ, ನೋಡಿ ಇಲ್ಲಿ! ಗೆರೆ ಕೆಳಗೆ, ಚಿಪ್ಪಿರೋ ಕಲ್ಲೊಳಗೆ ಬಿಳಿ ಮಣ್ಣು. ಬೂದಿ ಬಿದ್ದಾಗ ಸಮುದ್ರದ ತಳ ಬಿರುಕು ಬಿಟ್ಟಿರಬೇಕು, ಅದರೊಳಗೆ ಇಳಿದಿದೆ. ಇದನ್ನ ಈವರೆಗೆ ಯಾರೂ ನೋಡಿಲ್ಲ ಗೊತ್ತಾ? ನಮ್ಮ ಮೇಷ್ಟ್ರು ಕುಣಿದಾಡ್ತಾರೆ!" ಅವಳ ಕನ್ನಡಕದ ಹಿಂದಿನ ಕಣ್ಣುಗಳು ಹೊಳೆಯುತ್ತಿದ್ದವು.

"ಶೂಲಾನ್. ಅದು ಸಮುದ್ರದ್ದಲ್ಲ. ಬೆಳಿಗ್ಗೆ ನಾವು ತುರುಕಿದ್ದು."

"ಏನು?"

"ಮಳೆಗೆ ಹಳದಿ ಮಣ್ಣು ನಿಲ್ಲಲಿಲ್ಲ. ಬಿಳಿ ಮಣ್ಣು ಹಾಕಿದ್ರು. ನಂಗೆ ಗೊತ್ತಿತ್ತು. ಅದರ ಹಿಂದೆ ಸಿಡೀದೆ ಇರೋ ಮದ್ದಿದೆ."

ಶೂಲಾನ್ ನಗಲು ಹೋದಳು, ಆಗಲಿಲ್ಲ. ಕೈಯಲ್ಲಿದ್ದ ಸಲಾಕೆಯ ಕಡೆ ನೋಡಿದಳು.

"ಅಕ್ಕ, ಇದರ ತುದಿಗೆ ಏನೋ ಮೆತ್ತಗೆ ತಾಗ್ತಿದೆ. ಕಾಗದದ ಥರ."

"ಎಳೀಬೇಡ. ತಳ್ಳಬೇಡ. ಕೈ ಬಿಟ್ಬಿಡು ಅಷ್ಟೆ."

"ಬಿಡೋಕಾಗ್ತಿಲ್ಲ." ಅಳು ಒತ್ತಿ ಬಂತು. "ಬೆರಳು ಬಿಚ್ತಾ ಇಲ್ಲ ಅಕ್ಕ."

ಸಾಂಗ್‌ಮೇ ಏಣಿ ಹತ್ತಿದಳು. ಬಿದಿರು ಇಬ್ಬರ ಭಾರಕ್ಕೆ ಕಿರುಗುಟ್ಟಿತು. ಹುಡುಗಿಯ ಬೆನ್ನಿಗೆ ಎದೆ ಆನಿಸಿ ನಿಂತು, ಅವಳ ಮುಷ್ಟಿಯ ಮೇಲೆ ತನ್ನ ಕೈ ಇಟ್ಟಳು. ಸಣ್ಣ ಹುಳುವನ್ನು ಎಲೆಯಿಂದ ಬಿಡಿಸುವಷ್ಟು ಮೆಲ್ಲಗೆ ಒಂದೊಂದೇ ಬೆರಳನ್ನು ಬಿಡಿಸಿದಳು. ಸಲಾಕೆ ಮಣ್ಣಿನಲ್ಲಿ ತಾನಾಗಿ ನಿಂತಿತು. ಆಗ ಕುಳಿಯ ಬಾಯಿಂದ ಒಂದು ವಾಸನೆ ಅವಳ ಮೂಗಿಗೆ ಬಡಿಯಿತು. ಸುಟ್ಟ ಬತ್ತಿಯ ವಾಸನೆ. ಹಳೆಯದಲ್ಲ, ಬಿಸಿಯಾಗಿತ್ತು.

ಹುಡುಗಿಗೆ ಹೇಳಲಿಲ್ಲ. "ಬಲಗಾಲು ಕೆಳಗಿಡು. ಹಾಂ. ಈಗ ಎಡಗಾಲು. ನಾನಿದೀನಿ, ನೋಡ್ಬೇಡ" ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿಸಿದಳು. ನೆಲ ಮುಟ್ಟಿದ್ದೇ ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡು ಓಡಿದಳು.

ಅರ್ಧ ದಾರಿಯಲ್ಲಿ ಶೂಲಾನ್ ಕೈ ಕೊಸರಿಕೊಂಡಳು. "ನನ್ನ ಚೀಲ! ತಿಂಗಳಿಂದ ಆರಿಸಿದ್ದೆಲ್ಲ ಅದರಲ್ಲಿದೆ, ಏಣಿ ಬುಡದಲ್ಲೇ ಇದೆ" ಎಂದು ಹಿಂದಕ್ಕೆ ತಿರುಗಿದಳು. ಸಾಂಗ್‌ಮೇ ಅವಳ ಕೆನ್ನೆಗೆ ಬಾರಿಸಿದಳು. ಯಾರಿಗೂ ಹಾಗೆ ಹೊಡೆದವಳಲ್ಲ. ಕನ್ನಡಕ ಹಾರಿಬಿತ್ತು. ಹೊಡೆತಕ್ಕೆ ದಂಗಾದ ಹುಡುಗಿಯನ್ನು ದರದರ ಎಳೆದು ಕಲ್ಲಿನ ಮರೆಗೆ ದಬ್ಬಿ ತಾನೂ ಅವಳ ಮೇಲೆ ಬಿದ್ದಳು.

ಏನೂ ಆಗಲಿಲ್ಲ. ಇಬ್ಬರ ಏದುಸಿರು, ಎಲ್ಲೋ ಒಂದು ಕಾಗೆ. ಗೋಡೆಯ ಮೇಲೆ ಬಿಸಿಲು, ಏಣಿ, ಬಂಡೆಯಿಂದ ಹೊರಕ್ಕೆ ಚಾಚಿದ ಸಲಾಕೆ. ಗೆನ್‌ಫಾ ಕ್ರಷರಿನ ಕಡೆಯಿಂದ ಬಗ್ಗಿಕೊಂಡು ಓಡಿಬಂದು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ನೋಡಿದ.

"ಸತ್ತಿದೆ ಅತ್ತಿಗೆ ಅದು. ಬದುಕಿದ್ರೆ ಇಷ್ಟೊತ್ತಿಗೆ ಹೋಗ್ತಿತ್ತು" ಎಂದು ಪಿಸುಗುಟ್ಟಿದ. "ಕೇಳಿ ಇಲ್ಲಿ. ನಾನು ಹೋಗಿ ಮೆಲ್ಲಗೆ ನೀರು ಹುಯ್ದು ತೆಗೆದುಬಿಡ್ತೀನಿ. ಯಾರಿಗೂ ಗೊತ್ತಾಗೋದು ಬೇಡ. ಗೊತ್ತಾದ್ರೆ ಗಣಿ ನಿಲ್ಲುತ್ತೆ, ನಿಮ್ಮ ಜಾಗ ಹೋಗುತ್ತೆ, ನನ್ನದೂ ಹೋಗುತ್ತೆ. ಸುಮ್ನೆ ಯಾಕೆ?"

"ಕೂತ್ಕೋ."

"ಜೀವ ಯಾರದ್ದೂ ಹೋಗಿಲ್ವಲ್ಲ ಅತ್ತಿಗೆ!" ಅವನು ಎದ್ದೇಬಿಟ್ಟ. ಸಾಂಗ್‌ಮೇ ಅವನ ಷರಾಯಿ ಹಿಡಿದು ಜಗ್ಗಿದಳು. "ಕೂತ್ಕೋ ಅಂದೆ! ಒಳಗೆ ಬಿಸಿ ಇದೆ, ಮೂಸಿ ನೋಡಿದೀನಿ ನಾನು!"

ಗುಡ್ಡ ಎದ್ದು ಬಡಿಯಿತು. ಕಲ್ಲಿನ ಚೂರುಗಳು ಮರೆಯ ಮೇಲಿಂದ ಹಾರಿಹೋದವು. ಗೆನ್‌ಫಾ ಮುಖ ಅಡಿಯಾಗಿ ಬಿದ್ದಿದ್ದ. ಹೊಗೆ ಸರಿದಾಗ ಏಣಿ ಇದ್ದ ಜಾಗದಲ್ಲಿ ಏಣಿ ಇರಲಿಲ್ಲ, ಚೀಲವೂ ಇರಲಿಲ್ಲ, ಶೂಲಾನ್ ಎದೆ ಆನಿಸಿ ನಿಂತಿದ್ದ ಬಂಡೆಯೂ ಇರಲಿಲ್ಲ. ಅಭ್ಯಾಸಬಲದಿಂದ ಸಾಂಗ್‌ಮೇಯ ಕೈ ಎಡಜೇಬಿಗೆ ಹೋಗಿತ್ತು. ಈ ಸದ್ದಿಗೆ ಅಲ್ಲಿ ಹರಳಿರಲಿಲ್ಲ.

ಅವಳು ಅತ್ತಳು. ದೊಡ್ಡ ದನಿ ತೆಗೆದು, ನಾಚಿಕೆಯಿಲ್ಲದೆ ಅತ್ತಳು. ಶೂಲಾನ್ ಅಳಲಿಲ್ಲ. ಮುರಿದ ಕನ್ನಡಕವನ್ನು ಹುಡುಕಿ ಎತ್ತಿಕೊಂಡು, ಅದರ ಮಣ್ಣು ಒರೆಸುತ್ತ ಒಂದೇ ಮಾತು ಹೇಳಿದಳು.

"ಬಿಳಿ ಮಣ್ಣು ಮುಟ್ಟಲ್ಲ ಅಂದಿದ್ರಿ."

ಸಂಜೆ ಗಣಿಯವರೆಲ್ಲ ಸೇರಿದರು. ಗೆನ್‌ಫಾ ಗಂಟಲು ಸರಿಮಾಡಿಕೊಂಡು, ಮದ್ದು ತಡವಾಗಿ ಸಿಡಿಯಿತು, ಹೀಗಾಗುವುದುಂಟು, ಯಾರ ತಪ್ಪೂ ಅಲ್ಲ ಎಂದು ಶುರುಮಾಡಿದ. ಸಾಂಗ್‌ಮೇ ಅವನನ್ನು ಅರ್ಧಕ್ಕೇ ತಡೆದಳು. "ಎಣಿಸಿದ್ದು ನಾನು. ಸದ್ದು ಹಗುರ ಅಂತ ಗೊತ್ತಾಗಿಯೂ ಆಯ್ತು ಅಂದವಳು ನಾನು. ಬಿಳಿ ಮಣ್ಣು ಹಾಕಿದ್ದು ನೋಡಿಯೂ ಆ ಹುಡುಗಿಗೆ ಹೇಳ್ದೆ ಇದ್ದವಳೂ ನಾನೇ. ಬೇರೆ ಯಾರನ್ನಾದ್ರೂ ಕೂರಿಸಿ." ಫೂಶೆಂಗ್ ಮಾವ ಮದುವೆಮನೆ ಬಿಟ್ಟು ಬಂದು ಬಾಗಿಲ ಹತ್ತಿರ ನಿಂತಿದ್ದ. ತನ್ನ ಟುಸ್ ಎಂದ ಗರ್ನಾಲಿನ ಸಂಗತಿಯನ್ನು ಎಲ್ಲರೆದುರು ತಾನೇ ಹೇಳಿ ತಲೆ ತಗ್ಗಿಸಿಕೊಂಡು ಹೋದ. ಅದಕ್ಕೆ ಅವನಿಗೆ ಎಷ್ಟು ಧೈರ್ಯ ಬೇಕಾಯಿತೆಂದು ಆ ಕಡೆಯವರಿಗಷ್ಟೇ ಗೊತ್ತು.

ಬೇರೆ ಯಾರನ್ನಾದರೂ ಕೂರಿಸಲು ಯಾರೂ ಸಿಗಲಿಲ್ಲ. ಅಂಥದ್ದೊಂದು ಆದ ಮೇಲೆ ಎಣಿಸುವ ಜಾಗದಲ್ಲಿ ಕೂರಲು ಯಾವ ಗಂಡಸಿಗೂ ಗುಂಡಿಗೆ ಇರಲಿಲ್ಲ. ಒಬ್ಬನಿಗೆ ಕಿವಿ ಸೋರುತ್ತಿತ್ತು, ಇನ್ನೊಬ್ಬನಿಗೆ ಲೆಕ್ಕ ಬರುತ್ತಿರಲಿಲ್ಲ. ದೋಣಿಗಳು ಜಲ್ಲಿಗೆ ಕಾಯುತ್ತಿದ್ದವು. ಕೆಲವು ದಿನ ನಿಂತಿದ್ದ ಗಣಿ ಮತ್ತೆ ಶುರುವಾದಾಗ ಗೆನ್‌ಫಾ ಮುಖ ಕೆಳಗೆ ಹಾಕಿಕೊಂಡು ಬಂದು ಅತ್ತಿಗೆಯನ್ನೇ ಕರೆದ.

ಶೂಲಾನ್ ಊರು ಬಿಟ್ಟಿರಲಿಲ್ಲ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು. ಸಾಂಗ್‌ಮೇಯ ಮನೆಯಲ್ಲೇ ಉಣ್ಣುತ್ತಿದ್ದಳು, ಬಟ್ಟಲು ತೊಳೆದಿಡುತ್ತಿದ್ದಳು, ಮಾತಿಲ್ಲ. ಅವಳ ಪಾಲಿಗೆಂದು ಸಾಂಗ್‌ಮೇ ಎತ್ತಿಡುತ್ತಿದ್ದ ಒಳ್ಳೆಯ ತುಂಡುಗಳು ಹಾಗೇ ಉಳಿಯುತ್ತಿದ್ದವು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಳೆದುಹೋದ ಕಲ್ಲುಗಳನ್ನು ಮತ್ತೆ ಆರಿಸದೆ ಹುಡುಗಿಗೆ ಗತಿಯಿರಲಿಲ್ಲ. ಅದಕ್ಕೆ ಗೋಡೆಯ ಬುಡಕ್ಕೇ ಹೋಗಬೇಕಿತ್ತು.

ಗಣಿ ಮತ್ತೆ ಶುರುವಾದ ದಿನ ಕುಳಿಗಳಿಗೆ ಬಿದ್ದದ್ದು ಒಣಗಿಸಿ ತಂದ ಹಳದಿ ಮಣ್ಣು. ಪ್ರತಿ ಕುಳಿಯನ್ನೂ ಸಾಂಗ್‌ಮೇ ನಿಂತು ನೋಡಿದ್ದಳು. ಬತ್ತಿಗೆ ಬೆಂಕಿ ಬಿತ್ತು. ಗುಡ್ಡ ಗುಡುಗಿತು, ಸದ್ದಿನ ಹಿಂದೆ ಸದ್ದು, ಪ್ರತಿ ಸದ್ದಿನ ಬೆನ್ನಿಗೆ ಕಲ್ಲು ಉರುಳುವ ಸದ್ದು. ಕೊನೆಯ ಹರಳು ಬಲಜೇಬಿಗೆ ಬಿತ್ತು. ಎಡಜೇಬನ್ನು ಹೊರಕ್ಕೆ ಮಗುಚಿ ನೋಡಿದಳು. ಎದ್ದು ನಿಂತು ಕೂಗಿದಳು.

"ಆಯ್ತೂ!"

ಯಾರೂ ಕದಲಲಿಲ್ಲ. ಗಂಡಸರು ಟೋಪಿ ಸರಿಮಾಡಿಕೊಂಡರು, ನೆಲ ನೋಡಿದರು. ಗೆನ್‌ಫಾ ಬೀಡಿ ಹುಡುಕುವವನಂತೆ ಜೇಬು ತಡಕಿದ. ಕ್ರಷರಿನವನು ಮಿಷನ್ನಿನ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತಿದ್ದ. ಶೂಲಾನ್ ಮರೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಳು. ಅವಳು ತಲೆ ಎತ್ತಲೂ ಇಲ್ಲ.

ಆ ಕೂಗಿಗೆ ಜನ ಏಳದೆ ಕೂತದ್ದು ಅದೇ ಮೊದಲು. ಸಾಂಗ್‌ಮೇ ಇನ್ನೊಮ್ಮೆ ಕೂಗಲು ಹೋಗಲಿಲ್ಲ. ಮರೆಯಿಂದ ಹೊರಗೆ ಕಾಲಿಟ್ಟು ಗೋಡೆಯ ಕಡೆ ನಡೆದಳು.

"ಅತ್ತಿಗೆ!" ಎಂದ ಗೆನ್‌ಫಾ. ಅವಳು ತಿರುಗಲಿಲ್ಲ. ಇನ್ನೂ ಬಿಸಿಯಾಗಿದ್ದ ಕಲ್ಲುರಾಶಿಯನ್ನು ಹತ್ತಿ, ಕುಳಿಯಿದ್ದ ಒಂದೊಂದು ಜಾಗಕ್ಕೂ ಹೋಗಿ, ಬಿರಿದ ಬಂಡೆಯ ಮೇಲೆ ಅಂಗೈ ಊರಿ, ಬಗ್ಗಿ ಮೂಸಿ ನೋಡಿದಳು. ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಬಿಳಿ ಗೆರೆಯ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು, ಜನರ ಕಡೆ ಮುಖ ಮಾಡಿ ನಿಂತಳು. ಅಲ್ಲಿಂದ ಕೂಗಿದಳು. ದನಿ ಒಡೆದಿತ್ತು, ಆದರೂ ಕೇಳಿಸಿತು.

ಆಮೇಲೆ ದಾರ ಕಟ್ಟಿದ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ ಶೂಲಾನ್ ಎದ್ದಳು. ಹೊಸ ಏಣಿಯನ್ನು ಹೆಗಲಿಗೇರಿಸಿಕೊಂಡಳು. ಕಲ್ಲುರಾಶಿಯನ್ನು ಎಡವುತ್ತ ಹತ್ತಿ ಬಂದು, ಸಾಂಗ್‌ಮೇ ನಿಂತಿದ್ದ ಜಾಗದ ಪಕ್ಕದಲ್ಲೇ ಅದನ್ನು ಗೋಡೆಗೆ ಆನಿಸಿದಳು.

"ಹಿಡ್ಕೊಳ್ಳಿ ಅಕ್ಕ, ಜಾರುತ್ತೆ" ಎಂದಳು.